ಮೂರು ವರ್ಷ ಬಳಸಿದ ಮೇಲೆ: ಮನೆಯಲ್ಲಿ ಅಲ್ಯೂಮಿನಿಯಂ ಬೆಸೆಯಲು ಕೊಂಡ ಎಸಿ ಟಿಗ್ ಮೆಷಿನ್

ನಾನು ಮೊದಲು ಕೊಂಡದ್ದು ತಪ್ಪು ಮೆಷಿನ್. ಆನ್‌ಲೈನ್‌ನಲ್ಲಿ 11,500 ರೂಪಾಯಿಗೆ ಸಿಕ್ಕ 200 ಆಂಪ್‌ನ ಟಿಗ್. ಟಿಗ್ ಅಂದರೆ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಕಿಡಿ (ಆರ್ಕ್) ಹೊತ್ತಿಸಿ, ಸುತ್ತ ಆರ್ಗನ್ ಗ್ಯಾಸ್ ಬಿಟ್ಟು ಬೆಸೆಯುವ ವೆಲ್ಡಿಂಗ್. ವಿವರಣೆಯಲ್ಲಿ ಸ್ಟೀಲ್, ಸ್ಟೇನ್‌ಲೆಸ್, ಅಲ್ಯೂಮಿನಿಯಂ ಎಲ್ಲಕ್ಕೂ ಆಗುತ್ತದೆ ಅಂತ ಬರೆದಿದ್ದರು. ಮೈಸೂರಿನ ನಮ್ಮ ಮನೆ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಶೀಟಿನ ಶೆಡ್ ಇದೆ. ಅಲ್ಲಿ ಕೂತು ಕಿಟಕಿ ಸೆಕ್ಷನ್‌ನ ಎರಡು ತುಂಡು ಜೋಡಿಸಲು ಹೋದೆ. ಲೋಹ ಒಳಗೆ ಕರಗಿತು, ಆದರೆ ಮೇಲಿನ ಪೊರೆ ಕಾದ ಹಾಲಿನ ಕೆನೆ ಥರ ಸುಕ್ಕುಗಟ್ಟಿ ಹಾಗೇ ನಿಂತಿತು. ಎರಡು ತುಂಡು ಪಕ್ಕಪಕ್ಕದಲ್ಲೇ ಕರಗಿದರೂ ಒಂದಾಗಲಿಲ್ಲ. ಇನ್ನೊಂದಿಷ್ಟು ಕರೆಂಟ್ ಏರಿಸಿದೆ. ಇಡೀ ಮೂಲೆ ತೊಪ್ಪನೆ ಕೆಳಗೆ ಬಿತ್ತು.

ಒಂದು ವಾರ ನನ್ನ ಕೈಯದೇ ತಪ್ಪು ಅಂದುಕೊಂಡಿದ್ದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆರ್ಗನ್ ವೆಲ್ಡಿಂಗ್ ಮಾಡುವ ಒಬ್ಬ ಮೇಸ್ತ್ರಿ ಮೆಷಿನ್‌ನ ಫೋಟೋ ನೋಡಿ ನಕ್ಕರು. "ಇದು ಡಿಸಿ ಸಾರ್. ಇದರಲ್ಲಿ ಸ್ಟೇನ್‌ಲೆಸ್ ಮಾಡ್ಕೊಳ್ಳಿ, ಚೆನ್ನಾಗಿ ಬರುತ್ತೆ. ಅಲ್ಯೂಮಿನಿಯಂಗೆ ಎಸಿ ಬೇಕು."

ಕಾರಣ ಇಷ್ಟೇ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಅದರ ಮೈಮೇಲೆ ಸದಾ ಇರುವ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗಿಂತ ಜಾಸ್ತಿ ಬೇಕು. ಡಿಸಿಯಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ, ಎಸಿಯಲ್ಲಿ ದಿಕ್ಕು ಬದಲಾಯಿಸುತ್ತಾ ಇರುತ್ತದೆ. ಟಂಗ್‌ಸ್ಟನ್ ಪಾಸಿಟಿವ್ ಆದಾಗ ಪೊರೆ ಒಡೆಯುತ್ತದೆ, ನೆಗೆಟಿವ್ ಆದಾಗ ಶಾಖ ಲೋಹದೊಳಕ್ಕೆ ಇಳಿಯುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಆಂಪ್" ಅಲ್ಲ, "ಟಿಗ್‌ನಲ್ಲಿ ಎಸಿ ಔಟ್‌ಪುಟ್ ಇದೆಯಾ" ಅಂತ. ಮುಂದಿನ ಫಲಕದಲ್ಲಿ ಎಸಿ/ಡಿಸಿ ಅಂತ ಸ್ವಿಚ್ ಕಾಣದಿದ್ದರೆ ಅದನ್ನು ಬಿಟ್ಟು ಬೇರೆ ಮೆಷಿನ್ ನೋಡಿ. ಪೆಟ್ಟಿಗೆ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು.

ಡಿಸಿ ಮೆಷಿನ್ ಮಾರಿ, 2022ರಲ್ಲಿ 43,000 ಕೊಟ್ಟು 200 ಆಂಪ್‌ನ ಎಸಿ/ಡಿಸಿ ಇನ್ವರ್ಟರ್ ಟಿಗ್ ತಂದೆ. ಹೆಸರು ಬರೆಯುವುದಿಲ್ಲ. ಈ ಬೆಲೆಯಲ್ಲಿ ಒಂದೇ ಥರದ ಡಬ್ಬಿಗಳು ಬೇರೆ ಬೇರೆ ಸ್ಟಿಕ್ಕರ್ ಹಾಕಿಕೊಂಡು ಬರುತ್ತವೆ, ಹೆಸರಿಗಿಂತ ಒಳಗಿನ ಗುಣ ಮುಖ್ಯ. ಕೊಳ್ಳುವ ಮುಂಚೆ ಬೇರೆ ದಾರಿಗಳನ್ನೂ ನೋಡಿದ್ದೆ. ಗ್ಯಾಸ್ ಟಾರ್ಚ್‌ನಲ್ಲಿ ಕರಗಿಸಿ ಹಚ್ಚುವ ಜಿಂಕ್ ಕಡ್ಡಿಗಳಿವೆ, ಸುಮಾರು 400 ಡಿಗ್ರಿಗೇ ಕರಗುತ್ತವೆ. ಸಣ್ಣ ತೂತು ಮುಚ್ಚಲು ಸಾಕು, ಭಾರ ಹೊರುವ ಜಾಯಿಂಟ್‌ಗೆ ನಂಬಬೇಡಿ. ಅಲ್ಯೂಮಿನಿಯಂನ ಆರ್ಕ್ ರಾಡ್ ಕೂಡ ಸಿಗುತ್ತದೆ. ಮೂರು ಮಿಲಿಮೀಟರ್‌ಗಿಂತ ತೆಳುವಾದದ್ದಕ್ಕೆ ಅದು ಆಗುವುದಿಲ್ಲ, ರಾಡ್‌ನ ಲೇಪ ಕರಗಿ ಮೇಲೆ ಉಳಿಯುವ ಫ್ಲಕ್ಸ್ ತೊಳೆಯದಿದ್ದರೆ ಲೋಹವನ್ನೇ ತಿನ್ನುತ್ತದೆ. ತಂತಿ ತಾನಾಗಿ ಬಂದು ಕರಗುವ ಮಿಗ್ ವೆಲ್ಡಿಂಗ್‌ಗೆ ಸ್ಪೂಲ್ ಗನ್ (ತಂತಿಯ ಸುರುಳಿ ಕೈಯಲ್ಲೇ ಇರುವ ಗನ್) ಹಾಕಿದರೆ ವೇಗವಾಗಿ ಆಗುತ್ತದೆ, ದಪ್ಪ ಪ್ಲೇಟ್, ಟ್ರೈಲರ್ ಮಾಡುವವರಿಗೆ ಅದೇ ಸರಿ. ನನ್ನ ಕೆಲಸ ಒಂದೂವರೆಯಿಂದ ನಾಲ್ಕು ಮಿಲಿಮೀಟರ್. ಅಲ್ಲಿ ಟಿಗ್ ಬಿಟ್ಟರೆ ಗತಿಯಿಲ್ಲ.

200 ಆಂಪ್ ಅಂತ ಹೆಮ್ಮೆಯಿಂದ ತಂದರೂ ಆ ತುದಿಗೆ ನಾನು ಹೋದದ್ದು ಎರಡೋ ಮೂರೋ ಸಲ. ಒಂದು ಮಿಲಿಮೀಟರ್‌ಗೆ ಸುಮಾರು 40 ಆಂಪ್ ಅಂತ ಲೆಕ್ಕ ಇಟ್ಟುಕೊಳ್ಳಿ. ಮೂರು ಮಿಲಿಮೀಟರ್ ಪ್ಲೇಟ್‌ಗೆ 120. ನನ್ನ ಮೆಷಿನ್‌ನ ಡ್ಯೂಟಿ ಸೈಕಲ್ 200 ಆಂಪ್‌ನಲ್ಲಿ 35 ಪರ್ಸೆಂಟ್, ಅಂದರೆ ಹತ್ತು ನಿಮಿಷದಲ್ಲಿ ಮೂರೂವರೆ ನಿಮಿಷ ಮಾತ್ರ. ಆದರೆ 120ರ ಆಸುಪಾಸಿನಲ್ಲಿ ಅದು ನಿಲ್ಲದೆ ಓಡುತ್ತದೆ. ಮೆಷಿನ್ ಬಿಸಿಯಾಗುವ ಮುಂಚೆ ನನ್ನ ಬೆನ್ನು ನೋಯಲು ಶುರುವಾಗುತ್ತದೆ.

ಕರೆಂಟಿನ ವಿಷಯ ಮಾತ್ರ ಮೊದಲೇ ಸರಿ ಮಾಡಿಕೊಳ್ಳಿ. ಪೂರ್ತಿ ಏರಿಸಿದರೆ ಇನ್‌ಪುಟ್ 29 ಆಂಪ್ ಅಂತ ಪ್ಲೇಟ್ ಮೇಲೆ ಬರೆದಿದೆ. ಗೀಸರ್‌ನ 16 ಆಂಪ್ ಪ್ಲಗ್ಗಿಗೆ ಹಾಕಿ 140 ದಾಟಿಸಿದರೆ ಎಂಸಿಬಿ ಬಿದ್ದೇ ಬೀಳುತ್ತದೆ. ಮೀಟರ್ ಬೋರ್ಡಿನಿಂದ ಶೆಡ್ಡಿಗೆ ಬೇರೆಯೇ ದಪ್ಪ ವೈರ್ ಎಳೆಸಿದೆ, 32 ಆಂಪ್ ಎಂಸಿಬಿ ಹಾಕಿಸಿದೆ, ಅರ್ಥಿಂಗ್ ಹೊಸದಾಗಿ ಮಾಡಿಸಿದೆ. ಮನೆಯ ಲೋಡ್ 3 ಕಿಲೋವ್ಯಾಟ್ ಇತ್ತು, 5 ಮಾಡಿಸಿಕೊಂಡೆ. ಇದಕ್ಕೆಲ್ಲ ಸೇರಿ ಹನ್ನೆರಡು ಸಾವಿರ ಹೋಯಿತು. ಮೆಷಿನ್ ಬೆಲೆ ಹೇಳುವಾಗ ಇದನ್ನು ಯಾರೂ ಹೇಳುವುದಿಲ್ಲ.

ಇನ್ನು ಗ್ಯಾಸ್. ದುಡ್ಡು ನಿಜವಾಗಿ ಸೋರುವುದು ಇಲ್ಲಿ. ಅಲ್ಯೂಮಿನಿಯಂಗೆ ಶುದ್ಧ ಆರ್ಗನ್ನೇ ಬೇಕು. ಮಿಗ್‌ಗೆ ಬಳಸುವ ಸಿಒಟು (ಕಾರ್ಬನ್ ಡೈಆಕ್ಸೈಡ್) ಬೆರೆಸಿದ ಮಿಶ್ರಣ ಹಾಕಿದರೆ ಟಂಗ್‌ಸ್ಟನ್ ಸುಟ್ಟು ಮಸಿಯಾಗುತ್ತದೆ. ಜಾಗ ಕಮ್ಮಿ ಅಂತ ನಾನು ಮೊದಲು 1.5 ಕ್ಯೂಬಿಕ್ ಮೀಟರ್‌ನ ಸಣ್ಣ ಸಿಲಿಂಡರ್ ತಂದೆ. ನಿಮಿಷಕ್ಕೆ 8 ಲೀಟರ್ ಬಿಟ್ಟರೆ ಅದು ಮೂರು ಗಂಟೆ ಬರುತ್ತದೆ. ಕಲಿಯುವ ಹೊತ್ತಿನಲ್ಲಿ ಮೂರು ಗಂಟೆ ಅನ್ನುವುದು ಎರಡು ಭಾನುವಾರ. ತುಂಬಿಸಲು 900 ರೂಪಾಯಿ. 7 ಕ್ಯೂಬಿಕ್ ಮೀಟರ್‌ನ ದೊಡ್ಡದಕ್ಕೆ ಮೊನ್ನೆ ಕೊಟ್ಟದ್ದು 1,700, ಅದು ಹದಿನಾಲ್ಕು ಗಂಟೆ ಬರುತ್ತದೆ. ಲೆಕ್ಕ ನೀವೇ ಹಾಕಿ. ದೊಡ್ಡದನ್ನೇ ತನ್ನಿ, ಗೋಡೆಗೆ ಸರಪಳಿ ಹಾಕಿ ಕಟ್ಟಿ, ಸಾಗಿಸುವಾಗ ಕ್ಯಾಪ್ ಹಾಕದೆ ಆಟೋಗೆ ಏರಿಸಬೇಡಿ. ನಾನು ಒಂದು ಸಲ ರಾತ್ರಿ ವಾಲ್ವ್ ಮುಚ್ಚಲು ಮರೆತೆ. ಹೋಸ್‌ನ ಜಾಯಿಂಟ್‌ನಲ್ಲಿ ಸಣ್ಣ ಸೋರಿಕೆ ಇತ್ತು. ಬೆಳಿಗ್ಗೆ ನೋಡಿದರೆ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಅವತ್ತಿನಿಂದ ಎಲ್ಲ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡುತ್ತೇನೆ.

ಮೊದಲ ಎರಡು ತಿಂಗಳು ಬಂದದ್ದೆಲ್ಲ ಕಪ್ಪು ಕಪ್ಪು. ತೂತು ತೂತಾದ ಬೆಸುಗೆ, ಸುತ್ತ ಮಸಿ. ಮೆಷಿನ್ ಕೆಟ್ಟದ್ದೇ ಬಂದಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಮತ್ತೆ ಅದೇ ಮೇಸ್ತ್ರಿ. "ಕಪ್ಪು ಬಂತು ಅಂದ್ರೆ ಮೊದಲು ಗ್ಯಾಸ್ ನೋಡಿ ಸಾರ್, ಆಮೇಲೆ ಕೊಳೆ ನೋಡಿ, ಕೊನೆಗೆ ಮೆಷಿನ್ ಬೈಯಿರಿ." ಸೆಕೆ ಅಂತ ಶೆಡ್ಡಿನಲ್ಲಿ ಟೇಬಲ್ ಫ್ಯಾನ್ ಹಾಕಿಕೊಂಡು ಕೂರುತ್ತಿದ್ದೆ. ಆರ್ಗನ್ ಪೂರ್ತಿ ಗಾಳಿಗೆ ಹಾರುತ್ತಿತ್ತು! ಫ್ಯಾನ್ ಆಫ್ ಮಾಡಿದ ದಿನವೇ ಅರ್ಧ ಸಮಸ್ಯೆ ಹೋಯಿತು.

ಉಳಿದರ್ಧ ಕೊಳೆ. ಈಗ ನಾನು ಮಾಡುವುದು ಹೀಗೆ: ಅಸಿಟೋನ್‌ನಲ್ಲಿ ಒರೆಸುತ್ತೇನೆ, ಅದು ಪೂರ್ತಿ ಆರಿದ ಮೇಲೆ ಸ್ಟೇನ್‌ಲೆಸ್ ಬ್ರಷ್‌ನಲ್ಲಿ ಉಜ್ಜುತ್ತೇನೆ. ಆ ಬ್ರಷ್‌ಗೆ ಕೆಂಪು ಟೇಪ್ ಸುತ್ತಿದ್ದೇನೆ, ಕಬ್ಬಿಣ ಮುಟ್ಟಿಸಲು ಯಾರಿಗೂ ಬಿಡುವುದಿಲ್ಲ. ಜಾಯಿಂಟ್‌ಗೆ ಕರಗಿಸಿ ತುಂಬುವ ಫಿಲ್ಲರ್ ಕಡ್ಡಿಯನ್ನೂ ಒರೆಸಬೇಕು. ಒಂದು ಮಾತು ನೆನಪಿರಲಿ, ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ವೆಲ್ಡ್ ಮಾಡಬೇಡಿ. ಕ್ಲೋರಿನ್ ಇರುವ ಸ್ಪ್ರೇ ಆದರೆ ಆರ್ಕ್‌ಗೆ ಸಿಕ್ಕಿ ಫಾಸ್ಜೀನ್ ಎಂಬ ವಿಷದ ಗಾಳಿಯಾಗುತ್ತದೆ.

ಸರಿಯಾಗಿ ಬಂದಾಗ ಹೇಗಿರುತ್ತದೆ ಅಂತ ಹೇಳಬೇಕು, ಯಾಕೆಂದರೆ ಕಬ್ಬಿಣದ ಥರ ಅಲ್ಯೂಮಿನಿಯಂ ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ. ಎರಡು ಮೂರು ಸೆಕೆಂಡ್ ಏನೂ ಆಗದ ಹಾಗೆ ಇರುತ್ತದೆ. ಆಮೇಲೆ ಆರ್ಕ್‌ನ ಕೆಳಗೆ ಚುಕ್ಕಿಯೊಂದು ಫಕ್ಕನೆ ಹೊಳೆಯುತ್ತದೆ, ಪಾದರಸದ ಹನಿ ಥರ. ಅದರ ಸುತ್ತ ವಿಭೂತಿ ಬಳಿದಂಥ ಬಿಳಿ ಪಟ್ಟಿ ಕಾಣುತ್ತದೆ. ಪೊರೆ ಒಡೆದಿದೆ ಅನ್ನುವುದಕ್ಕೆ ಅದೇ ಗುರುತು. ಆಗ ಕಡ್ಡಿಯನ್ನು ಹನಿಯ ಮುಂದಿನ ಅಂಚಿಗೆ ಮುಟ್ಟಿಸಿ ತೆಗೆಯಬೇಕು, ಮುಂದೆ ಸರಿಯಬೇಕು, ಮತ್ತೆ ಮುಟ್ಟಿಸಬೇಕು. ಟಂಗ್‌ಸ್ಟನ್ ಹನಿಯಲ್ಲಿ ಅದ್ದಿತೋ, ಎದ್ದು ಹೋಗಿ ಅದನ್ನು ಮತ್ತೆ ಉಜ್ಜಿಕೊಂಡು ಬನ್ನಿ. ಮೊದಲ ತಿಂಗಳು ನಾನು ಬೆಸೆದದ್ದಕ್ಕಿಂತ ಗ್ರೈಂಡರ್ ಹತ್ತಿರ ನಡೆದದ್ದೇ ಜಾಸ್ತಿ.

ಕೆಲಸ ಮುಂದುವರಿದಂತೆ ಇಡೀ ತುಂಡು ಬಿಸಿಯಾಗುತ್ತದೆ, ಕರೆಂಟ್ ಇಳಿಸುತ್ತಾ ಬರಬೇಕು. ಅದಕ್ಕೆ ಕಾಲಿನ ಪೆಡಲ್. ಮೆಷಿನ್ ಜೊತೆ ಬರಲಿಲ್ಲ, 3,500 ಕೊಟ್ಟು ಬೇರೆ ತಂದೆ. ನನ್ನ ಮಟ್ಟಿಗೆ ಕರೆಂಟನ್ನು ತಾನಾಗಿ ಏರಿಳಿಸುವ ಪಲ್ಸ್‌ಗಿಂತ ಪೆಡಲ್ ಹತ್ತು ಪಾಲು ಉಪಯೋಗ. ಫಲಕದ ಮೇಲೆ ಹನ್ನೊಂದು ಗುಂಡಿಗಳಿವೆ. ಮೂರು ವರ್ಷದಲ್ಲಿ ನಾನು ಮುಟ್ಟುವುದು ಎರಡನ್ನೇ: ಬ್ಯಾಲೆನ್ಸ್ (ಪೊರೆ ಒಡೆಯುವ, ಅಂದರೆ ಕ್ಲೀನಿಂಗ್ ಹೊತ್ತಿನ ಪಾಲು) ಮತ್ತು ಫ್ರೀಕ್ವೆನ್ಸಿ (ಕರೆಂಟ್ ದಿಕ್ಕು ಬದಲಾಗುವ ವೇಗ). ಕ್ಲೀನಿಂಗ್ ಪಾಲು 30 ಪರ್ಸೆಂಟ್, ಫ್ರೀಕ್ವೆನ್ಸಿ 100 ಹರ್ಟ್ಸ್. ಹಳೆಯ, ಕೊಳಕು ತುಂಡಾದರೆ ಕ್ಲೀನಿಂಗ್ ಸ್ವಲ್ಪ ಏರಿಸುತ್ತೇನೆ. ಜಾಸ್ತಿ ಏರಿಸಿದರೆ ಟಂಗ್‌ಸ್ಟನ್ ತುದಿ ಉಂಡೆಯಾಗುತ್ತದೆ.

ಫಿಲ್ಲರ್ ಎರಡು ಥರ ಇಟ್ಟಿದ್ದೇನೆ. ಸಿಲಿಕಾನ್ ಇರುವ 4043 ನಂಬರಿನ ಕಡ್ಡಿ ನೀರಿನಂತೆ ಹರಿಯುತ್ತದೆ, ಬಿರುಕು ಬಿಡುವುದು ಕಮ್ಮಿ, ಕಲಿಯುವವರಿಗೆ ಅದೇ ಒಳ್ಳೆಯದು. ಮೆಗ್ನೀಸಿಯಂ ಇರುವ 5356 ಗಟ್ಟಿ, ಆನೋಡೈಸ್ ಮಾಡಿಸಿದರೆ (ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸಿದರೆ) ಬಣ್ಣವೂ ಹೊಂದುತ್ತದೆ. ಸದಾ ಬಿಸಿಯಲ್ಲಿರುವ ಭಾಗಕ್ಕೆ ಅದನ್ನು ಹಾಕಬಾರದು. ಅಭ್ಯಾಸಕ್ಕೆ ಹೊಸ ಪ್ಲೇಟ್ ಕೊಳ್ಳಬೇಡಿ. ಕಿಟಕಿ ಮಾಡುವ ಅಂಗಡಿಯಲ್ಲಿ 6063 ನಂಬರಿನ ಅಲ್ಯೂಮಿನಿಯಂ ಸೆಕ್ಷನ್‌ನ ಚೂರುಗಳು ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಆನೋಡೈಸ್ ಪದರ ಮಾತ್ರ ಉಜ್ಜಿ ತೆಗೆಯಿರಿ.

ಈಗ ದೂರು. ಜೊತೆಗೆ ಬಂದ ಟಾರ್ಚ್ (ಟಂಗ್‌ಸ್ಟನ್ ಹಿಡಿದಿರುವ ಕೈಹಿಡಿ) ಒನಕೆ ಥರ ಭಾರ, ಕೇಬಲ್ ಕೋಲಿನಷ್ಟು ಬಿರುಸು. ಹದಿನಾಲ್ಕನೇ ತಿಂಗಳಿಗೆ ಅದರ ಸ್ವಿಚ್ ಹೋಯಿತು. ಸಣ್ಣದಾದ 17 ಸೈಜಿನ ಟಾರ್ಚ್ ಹಾಕಿಕೊಂಡೆ, ಕೈಗೆ ಹಾಯೆನಿಸಿತು. ಆರ್ಕ್ ಹತ್ತಿಸುವ ಹೈ ಫ್ರೀಕ್ವೆನ್ಸಿ ಕಿಡಿಗೆ ನಮ್ಮ ವೈರ್‌ಲೆಸ್ ಕಾಲಿಂಗ್ ಬೆಲ್ ತಾನಾಗೇ ಹೊಡೆದುಕೊಳ್ಳುತ್ತದೆ. ಮನೆಯವಳು ನಾಲ್ಕೈದು ಸಲ ಬಾಗಿಲು ತೆಗೆದು ನೋಡಿ, ಆಮೇಲೆ ಬೆಲ್‌ನ ಬ್ಯಾಟರಿಯನ್ನೇ ಕಿತ್ತಿಟ್ಟಳು.

ದೊಡ್ಡ ಪೆಟ್ಟು ಬಿದ್ದದ್ದು ಇಪ್ಪತ್ತನೇ ತಿಂಗಳಲ್ಲಿ. ಒಂದು ದಿನ ಇದ್ದಕ್ಕಿದ್ದಂತೆ ಹಳೆಯ ಕೆನೆ ವಾಪಸ್ ಬಂತು. ಉಜ್ಜಿದೆ, ಒರೆಸಿದೆ, ಸಿಲಿಂಡರ್ ಬದಲಿಸಿದೆ, ಬಿಳಿ ಪಟ್ಟಿ ಕಾಣಲೇ ಇಲ್ಲ. ಎಸಿ ಮಾಡುವ ಬೋರ್ಡ್ ಸತ್ತು ಬರೀ ಡಿಸಿ ಬರುತ್ತಿತ್ತು. ಸ್ಟೇನ್‌ಲೆಸ್‌ನಲ್ಲಿ ಚೆನ್ನಾಗಿ ಓಡುತ್ತಿದ್ದರಿಂದ ಅದು ಗೊತ್ತಾಗಲು ಮೂರು ದಿನ ಹಿಡಿಯಿತು. ಗ್ಯಾರಂಟಿ ಒಂದೇ ವರ್ಷ. ರಿಪೇರಿಗೆ ಬೆಂಗಳೂರಿಗೆ ಕಳಿಸಿದೆ. ಐದು ವಾರ, 9,500 ರೂಪಾಯಿ. ಫೋನ್ ಮಾಡಿದಾಗಲೆಲ್ಲ "ಪಾರ್ಟ್ ಬರಬೇಕು ಸಾರ್". ಹಾಗಾಗಿ ಎರಡು ಸಾವಿರ ಜಾಸ್ತಿ ಆದರೂ ನಿಮ್ಮ ಊರಿನಲ್ಲೇ ಬೋರ್ಡ್ ರಿಪೇರಿ ಮಾಡುವವರಿರುವ ಮೆಷಿನ್ ನೋಡಿ. ತೆರೆದಾಗ ಒಳಗೆ ಗ್ರೈಂಡರ್‌ನ ಪುಡಿ ಹಿಟ್ಟಿನ ಹಾಗೆ ಕೂತಿತ್ತಂತೆ, ಒಂದು ಒಣಗಿದ ಹಲ್ಲಿಯೂ ಇತ್ತಂತೆ. ಆ ಪಾಲು ನನ್ನದೇ ತಪ್ಪು. ಈಗ ಮೂರು ತಿಂಗಳಿಗೊಮ್ಮೆ ಗಾಳಿ ಹೊಡೆಯುತ್ತೇನೆ, ಗ್ರೈಂಡರ್ ಕೆಲಸ ಹೊರಗೆ.

ಬೆಳಕಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂನಿಂದ ಬೆಳಕು ಮೇಲಕ್ಕೆ ಪುಟಿಯುತ್ತದೆ. ಬನಿಯನ್ ಹಾಕಿಕೊಂಡು ಒಂದು ಗಂಟೆ ಕೂತದ್ದಕ್ಕೆ ಕುತ್ತಿಗೆಯ ಕೆಳಗೆ ಚರ್ಮ ಸುಲಿಯಿತು. ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಕಾಲರ್ ಗುಂಡಿ ಹಾಕಿ.

ಇಷ್ಟರಲ್ಲಿ ಮಾಡಿದ್ದು: ಬೈಕ್‌ಗೆ ಎರಡು ಪಕ್ಕದ ಪೆಟ್ಟಿಗೆ ಕೂರಿಸುವ ಫ್ರೇಮ್, ಗಿಡದ ಸ್ಟ್ಯಾಂಡ್, ಮಗಳ ಸೈಕಲ್‌ನ ಕ್ಯಾರಿಯರ್, ಪಕ್ಕದ ಮನೆಯವರ ಕುರ್ಚಿ ಕಾಲು. ಸ್ಕೂಟರ್‌ನ ಒಂದು ಎಂಜಿನ್ ಕವರ್ ಪ್ರಯತ್ನಿಸಿ ಸೋತೆ. ಅಂಥ ಡೈ ಕಾಸ್ಟ್ ಲೋಹದಲ್ಲಿ ಎಣ್ಣೆ, ಗಾಳಿ ಹೊಕ್ಕಿರುತ್ತದೆ, ಬಿಸಿ ತಾಗಿದರೆ ಗುಳ್ಳೆ ಎದ್ದು ಕೂರುತ್ತದೆ. ಏಣಿ ಮಾತ್ರ ಯಾರು ತಂದರೂ ಬೆಸೆಯುವುದಿಲ್ಲ. ವೆಲ್ಡ್ ಮಾಡಿದ ಪಕ್ಕದಲ್ಲಿ ಲೋಹ ಮೆತ್ತಗಾಗುತ್ತದೆ. ಬೆಸುಗೆ ಎಷ್ಟೇ ಚೆಂದ ಕಂಡರೂ ಅದರ ಪಕ್ಕದ ಬೆರಳಗಲ ಜಾಗ ಮೊದಲಿನ ಗಟ್ಟಿತನದಲ್ಲಿ ಇರುವುದಿಲ್ಲ. ಸಾಗರದಿಂದ ಭಾವ ಬಂದಾಗ ಅಡಿಕೆ ಕೊಯ್ಯಲು ಒಂದು ಅಲ್ಯೂಮಿನಿಯಂ ದೋಟಿ ಉದ್ದ ಮಾಡಿಕೊಡು ಅಂದರು. "ಬೇಡ ಭಾವ, ತೋಟದ ಮೇಲೆ ಲೈನ್ ಹೋಗಿದೆ" ಅಂದೆ. ಸ್ವಲ್ಪ ಮುನಿಸಿಕೊಂಡರು. ದೋಟಿ ಕರೆಂಟ್ ತಂತಿಗೆ ತಾಗಿ ಸತ್ತವರ ಸುದ್ದಿ ಮಲೆನಾಡಿನಲ್ಲಿ ಹೊಸತಲ್ಲ, ಅವರಿಗೂ ಗೊತ್ತು.

ಮೆಷಿನ್, ವೈರಿಂಗ್, ಸಿಲಿಂಡರ್, ರೆಗ್ಯುಲೇಟರ್, ಪೆಡಲ್, ಹೆಲ್ಮೆಟ್, ರಿಪೇರಿ ಎಲ್ಲ ಸೇರಿ ನನಗೆ ತೊಂಬತ್ತು ಸಾವಿರ ದಾಟಿದೆ. ಕೊಳ್ಳುವಾಗ ಕೈಯಲ್ಲಿ ಐವತ್ತು ಸಾವಿರ ಇದ್ದರೆ ಅಷ್ಟನ್ನೂ ಮೆಷಿನ್‌ಗೇ ಸುರಿಯಬೇಡಿ, ಅಷ್ಟೇ ಇನ್ನೊಂದು ಕೂಡುವವರೆಗೆ ಕಾಯಿರಿ. ತಿಂಗಳಿಗೆ ಎರಡು ಭಾನುವಾರವಾದರೂ ಕೂರುತ್ತೀರಿ ಅಂದರೆ ಮಾತ್ರ ಕೊಳ್ಳಿ. ಬರೀ ಒಂದು ಕ್ಯಾರಿಯರ್ ಮುರಿದಿದೆ ಅಂತಾದರೆ ಹೆಬ್ಬಾಳದ ಮೇಸ್ತ್ರಿ ಹತ್ತಿರ ಹೋಗಿ. ನನಗೆ ಮೊದಲ ಸಲ ಅದೇ ಕೆಲಸಕ್ಕೆ ಅವರು ತೆಗೆದುಕೊಂಡದ್ದು 300 ರೂಪಾಯಿ, ಟೀ ಅವರದ್ದೇ.