ಕ್ಲೋನ್‌ಜಿಲ್ಲಾ: ಮಳೆಗಾಲಕ್ಕೆ ಮೊದಲೇ ಹಾರ್ಡ್ ಡಿಸ್ಕ್ ನಕಲು

ಕಾರವಾರ, ಅಂಕೋಲಾ, ಕುಮಟಾ ಕಡೆ ಉಪ್ಪುಗಾಳಿಗೆ ಕನೆಕ್ಟರ್‌ಗಳು ಕಿಲುಬು ಹಿಡಿಯುತ್ತವೆ. ಜೂನ್ ಬಂತೆಂದರೆ ಕರೆಂಟು ಹೋಗಿ ಬಂದು ಮಾಡಿ, ತಿರುಗುವ ಹಳೆ ಹಾರ್ಡ್ ಡಿಸ್ಕ್‌ಗಳಿಗೆ ಪೆಟ್ಟು ಬೀಳುತ್ತದೆ. ವಿಂಡೋಸ್, ಟ್ಯಾಲಿ ಲೆಕ್ಕ, ಮದುವೆ ಫೋಟೋ ಸಮೇತ ಇಡೀ ಡಿಸ್ಕನ್ನು ಮೇ ತಿಂಗಳೊಳಗೆ ನಕಲು ಮಾಡಿಟ್ಟುಕೊಳ್ಳುವುದೇ ಕ್ಷೇಮ. ಅದಕ್ಕೆ ಬಿಡಿಕಾಸು ಖರ್ಚಿಲ್ಲದೆ ಸಿಗುವ ಸಾಧನಗಳಲ್ಲಿ ನನ್ನ ಮೊದಲ ಆಯ್ಕೆ ಕ್ಲೋನ್‌ಜಿಲ್ಲಾ. ಮೊದಲು ಎಲ್ಲರೂ ಬಳಸುತ್ತಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ 2024ರ ಜನವರಿಯಿಂದ ಬೆಂಬಲವಿಲ್ಲ.

ತೈವಾನಿನಲ್ಲಿ ತಯಾರಾದ ಕ್ಲೋನ್‌ಜಿಲ್ಲಾ ಎಂಬ ಮುಕ್ತ ತಂತ್ರಾಂಶವನ್ನು ವಿಂಡೋಸ್ ಒಳಗೆ ಇನ್‌ಸ್ಟಾಲ್ ಮಾಡುವುದಿಲ್ಲ. ರೂಫಸ್ ಎಂಬ ಉಚಿತ ಸಾಧನದಿಂದ ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಕಂಪ್ಯೂಟರ್ ಶುರು ಮಾಡಬೇಕು. 1 ಜಿಬಿಯ ಹಳೆ ಪೆನ್‌ಡ್ರೈವ್ ಕೂಡ ಸಾಕು. ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿದರೆ, ಯಾವುದರಿಂದ ಶುರುವಾಗಬೇಕೆಂದು ಆರಿಸುವ ಬೂಟ್ ಪಟ್ಟಿ ಬರುತ್ತದೆ. ಡೇಟಾ ಇರುವ ಜಾಗವನ್ನಷ್ಟೇ ನಕಲು ಮಾಡುವುದರಿಂದ 1 ಟಿಬಿ ಡಿಸ್ಕ್‌ನಲ್ಲಿ 300 ಜಿಬಿ ತುಂಬಿದ್ದರೆ 300 ಜಿಬಿಯ ಕೆಲಸವೇ. ಹೊಸ ಡಿಸ್ಕನ್ನು ಯುಎಸ್‌ಬಿ 3.0 ಪೋರ್ಟ್‌ಗೆ ಸಿಕ್ಕಿಸಿದ್ದರೆ ಇದು ಸುಮಾರು ಒಂದು ತಾಸು. ಹಳೆ 2.0 ಪೋರ್ಟ್‌ಗೆ ಚುಚ್ಚಿದರೆ ಎರಡೂವರೆ ತಾಸು ಹಿಡಿದೀತು.

ಶುರು ಮಾಡುವ ಮುಂಚೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಫಾಸ್ಟ್ ಸ್ಟಾರ್ಟ್‌ಅಪ್ (ಬೇಗ ಆನ್ ಆಗಲೆಂದು ಇರುವ ವಿಂಡೋಸ್ ಸೌಲಭ್ಯ) ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ನಕಲು ಅರ್ಧದಲ್ಲೇ ನಿಲ್ಲಬಹುದು. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಗೂಢಲಿಪಿ ಬೀಗ) ಇದ್ದರೆ ಅದನ್ನು ತೆಗೆದು, ಬೀಗ ಬಿಚ್ಚುವ ಡೀಕ್ರಿಪ್ಷನ್ ಮುಗಿಯುವ ತನಕ ಕಾಯಿರಿ. ಇಲ್ಲದಿದ್ದರೆ ಖಾಲಿ ಜಾಗವೂ ಸೇರಿ ಇಡೀ ಭಾಗ ನಕಲಾಗುತ್ತ ಕೂರುತ್ತದೆ.

ನಿಜವಾದ ಅಪಾಯ ಇರುವುದು ಡಿಸ್ಕ್ ಆರಿಸುವ ಪರದೆಯಲ್ಲಿ. ನೀಲಿ ಪರದೆ, ಮೌಸ್ ಇಲ್ಲ, ಬಾಣದ ಕೀಲಿಗಳೇ ಗತಿ. ಸಾಲಿನಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರು, ಪಕ್ಕದಲ್ಲಿ ಗಾತ್ರ, ಮಾಡೆಲ್, ಸೀರಿಯಲ್ ನಂಬರ್. ಮೊದಲು ಕೇಳುವುದು ಮೂಲ (ಹಳೆ ಡಿಸ್ಕ್), ಆಮೇಲೆ ಗುರಿ (ಹೊಸ ಡಿಸ್ಕ್). ಅದಲು ಬದಲಾದರೆ ಖಾಲಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್) ಬಂದು ತುಂಬಿದ ಡಿಸ್ಕ್ ಮೇಲೆ ಕೂರುತ್ತದೆ, ಫೋಟೋಗಳ ಕತೆ ಅಲ್ಲಿಗೆ ಮುಗಿಯಿತು. ಎರಡೂ ಡಿಸ್ಕ್ ಒಂದೇ ಗಾತ್ರದ್ದಾದರೆ ಗಾತ್ರ ನೋಡಿ ತಿಳಿಯದು. ಹೊಸ ಡಿಸ್ಕ್‌ನ ಸ್ಟಿಕ್ಕರ್ ಮೇಲಿನ ಸೀರಿಯಲ್ ನಂಬರನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡು ಸಲ "ವೈ" ಒತ್ತಿ ಒಪ್ಪಿಗೆ ಕೊಡಬೇಕು, ಎರಡು ಸಲವೂ ಆ ಚೀಟಿ ನೋಡಿ.

ದೊಡ್ಡ ಕೊರತೆ ಗಾತ್ರದ್ದು. ಗುರಿ ಡಿಸ್ಕ್ ಮೂಲದಷ್ಟೇ ಅಥವಾ ಹೆಚ್ಚು ದೊಡ್ಡದಿರಬೇಕು. 500 ಜಿಬಿ ಹಾರ್ಡ್ ಡಿಸ್ಕ್‌ಗೆ ಅಂಗಡಿಯವರು 480 ಜಿಬಿ ಎಸ್‌ಎಸ್‌ಡಿ ಕೊಡುತ್ತಾರೆ, 1 ಟಿಬಿಗೆ 960 ಜಿಬಿಯದು. ಒಳಗೆ 100 ಜಿಬಿಯೇ ಇದ್ದರೂ ಕ್ಲೋನ್‌ಜಿಲ್ಲಾ ಸಹಜವಾಗಿ ಒಪ್ಪುವುದಿಲ್ಲ. ಸಿ ಡ್ರೈವ್ ಕುಗ್ಗಿಸಿದರೂ ಬಗೆಹರಿಯದು, ಏಕೆಂದರೆ ವಿಂಡೋಸ್ ರಿಪೇರಿಗೆ ಬೇಕಾದ ರಿಕವರಿ ಭಾಗ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ನ ತುದಿಯಲ್ಲೇ ಕೂತಿರುತ್ತದೆ. ಅದನ್ನು ಡಿಸ್ಕ್ ಭಾಗಗಳನ್ನು ಸರಿಸುವ ಜಿಪಾರ್ಟೆಡ್‌ನಿಂದ ಎಡಕ್ಕೆ ಸರಿಸಿ, ಕ್ಲೋನ್‌ಜಿಲ್ಲಾದ ಎಕ್ಸ್‌ಪರ್ಟ್ ಮೋಡ್‌ನಲ್ಲಿ ಗಾತ್ರದ ಪರೀಕ್ಷೆ ಬಿಡಿಸಬೇಕು. ಹೊಸಬರಿಗೆ ಈ ದಾರಿ ಬೇಡವೇ ಬೇಡ. ಕ್ರೂಷಿಯಲ್, ಡಬ್ಲ್ಯುಡಿ ಎಸ್‌ಎಸ್‌ಡಿಗಳ ಜೊತೆ ಸಿಗುವ ಆಕ್ರೊನಿಸ್ ಎಂಬ ನಕಲು ತಂತ್ರಾಂಶ ತಾನಾಗಿಯೇ ಕುಗ್ಗಿಸಿಕೊಂಡು ನಕಲು ಮಾಡುತ್ತದೆ, ಅದನ್ನೇ ಬಳಸಿ. ಇನ್ನೂ ಕೊಂಡಿಲ್ಲವಾದರೆ ಒಂದು ಮೆಟ್ಟಿಲು ದೊಡ್ಡದನ್ನೇ ಕೇಳಿ.

ಮೂಲ ಡಿಸ್ಕೇ ಸೊರಗಿದ್ದರೆ ಬೇರೆ ಮಾತು. ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ಬಣ್ಣ ತೋರಿಸಿ, ಪೆಂಡಿಂಗ್ ಸೆಕ್ಟರ್ (ಓದಲು ತಡವರಿಸುವ ತುಣುಕು) ಎದುರು ಸೊನ್ನೆ ಅಲ್ಲದ ಸಂಖ್ಯೆ ಇದ್ದರೆ ವಿಂಡೋಸ್‌ನ ಡಿಸ್ಕ್ ಪರೀಕ್ಷೆಯಾದ ಚೆಕ್‌ಡಿಸ್ಕ್ ಓಡಿಸಬೇಡಿ, ಅದರ ಹೊಡೆತಕ್ಕೇ ಡಿಸ್ಕ್ ಸತ್ತೀತು. ಮುಖ್ಯ ಫೈಲುಗಳನ್ನು ಮೊದಲು ಎತ್ತಿಟ್ಟುಕೊಂಡು, ಮಿಕ್ಕಿದ್ದನ್ನು ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ಸಾಧನಕ್ಕೆ ಬಿಡಿ. ಅದು ಓದಲು ಬರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಅದರ ಮ್ಯಾಪ್‌ಫೈಲನ್ನು (ಎಲ್ಲಿಯವರೆಗೆ ಓದಿದೆ ಎಂಬ ದಾಖಲೆ) ಬೇರೆ ಡ್ರೈವ್‌ನಲ್ಲಿ ಉಳಿಸಿದ್ದರೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಕ್ಲೋನ್‌ಜಿಲ್ಲಾಕ್ಕೆ ಆ ಗುಣವಿಲ್ಲ, ನಿಂತರೆ ಮತ್ತೆ ಮೊದಲಿನಿಂದ. ಮನೆಯ ಸಣ್ಣ ಯುಪಿಎಸ್ ತಾಸುಗಟ್ಟಲೆ ತಡೆಯದ ಕಾರಣ, ಡೆಸ್ಕ್‌ಟಾಪ್ ಆದರೆ ಗುಡುಗಿಲ್ಲದ ದಿನ ಬೆಳಿಗ್ಗೆಯೇ ಕೂರಿ.

ಮುಗಿದ ಮೇಲೆ ಹಳೆ ಡಿಸ್ಕ್ ಬಿಚ್ಚಿಟ್ಟೇ ಮೊದಲ ಸಲ ಆನ್ ಮಾಡಿ. ಎರಡಕ್ಕೂ ಒಂದೇ ಗುರುತು ಇರುವುದರಿಂದ ಒಟ್ಟಿಗಿದ್ದರೆ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ.

ಹೊಸ ಡಿಸ್ಕ್‌ಗೆ ಹೋಗುವ ಯೋಚನೆ ಇಲ್ಲದಿದ್ದರೆ ನಕಲಿಗಿಂತ ಇಮೇಜ್ ಒಳ್ಳೆಯದು: ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಕುಗ್ಗಿಸಿದ ಒಂದು ಫೋಲ್ಡರ್ ಆಗಿ ಕೂರುತ್ತದೆ. ಕೊನೆಗೆ ಇಮೇಜ್ ಸರಿಯಿದೆಯೇ ಎಂದು ಪರೀಕ್ಷಿಸುವ ಆಯ್ಕೆಯನ್ನು ಬಿಡಬೇಡಿ. ಆದರೆ ಅದರಿಂದ ಒಂದು ಫೋಟೋ ಮಾತ್ರ ಹೊರತೆಗೆಯುವುದು ಸುಲಭವಲ್ಲ, ಹಾಗಾಗಿ ಫೋಟೋ, ಪಹಣಿ ಸ್ಕ್ಯಾನ್‌ಗಳನ್ನು ಪ್ರತ್ಯೇಕವಾಗಿಯೂ ಕಾಪಿ ಮಾಡಿ. ಕಪಾಟಿನಲ್ಲಿಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ, ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದು ಡೇಟಾ ಮರೆಯಬಹುದು. ಹಾರ್ಡ್ ಡಿಸ್ಕನ್ನೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಶಿರಸಿ, ಸಿದ್ದಾಪುರದಲ್ಲಿ ಆಷಾಢಕ್ಕೆ ಗೋಡೆಯೇ ಬೂಸ್ಟು ಹಿಡಿಯುವ ಮನೆಗಳಲ್ಲಂತೂ ಆ ಪೊಟ್ಟಣವನ್ನು ಮಳೆ ನಡುವೆ ಒಮ್ಮೆ ಬದಲಿಸಬೇಕು.