ಸಿಎಸ್‌ವಿ, ನೇರ ಡೇಟಾಬೇಸ್, ಸ್ಕಿಮ್: ಒಂದೇ ಆ್ಯಪನ್ನು ಮೂರು ದಾರಿಯಲ್ಲಿ ಜೋಡಿಸಿ ನೋಡಿದೆ

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಗೆ ನಾವು ಬರೆದುಕೊಟ್ಟ ಆ್ಯಪ್ ಒಂದಿದೆ. ಗೋಡೌನ್‌ಗೆ ಬಂದ ಮಾಲಿನ ತೂಕ, ಡಬ್ಲ್ಯು 240, ಡಬ್ಲ್ಯು 320 ಅಂತ ಗ್ರೇಡಿಂಗ್, ಡಿಸ್ಪ್ಯಾಚ್, ಬಿಲ್ಲು ಎಲ್ಲಾ ಅದರಲ್ಲೇ. ಖಾತೆಗಳು 612. ಕಾರ್ಖಾನೆಯಲ್ಲಿ ಈಗ ಆ ಆ್ಯಪ್ ಮುಟ್ಟುವವರು ಅಷ್ಟಿಲ್ಲ. ಆಡಿಟರ್ ಬಂದವರು ಅದನ್ನೇ ಹಿಡಿದರು. “ಕೆಲಸ ಬಿಟ್ಟು ಎರಡು ವರ್ಷ ಆದವರ ಖಾತೆ ಇನ್ನೂ ಯಾಕೆ ಓಪನ್ ಉಂಟು?” ಯಾರಿಗೂ ಉತ್ತರ ಇರಲಿಲ್ಲ.

ಹಾಗೆ ಶುರುವಾದದ್ದು ಐಡೆಂಟಿಟಿ ಗವರ್ನೆನ್ಸ್ ಕತೆ. ಯಾರಿಗೆ ಯಾವ ಆ್ಯಪ್‌ನಲ್ಲಿ ಖಾತೆ ಇದೆ, ಯಾರು ಒಪ್ಪಿ ಕೊಟ್ಟರು, ಬಿಟ್ಟು ಹೋದ ದಿನ ಅದು ಮುಚ್ಚಿತಾ, ಕೆಲವು ತಿಂಗಳಿಗೊಮ್ಮೆ ಮ್ಯಾನೇಜರ್ ಪಟ್ಟಿ ನೋಡಿ “ಇದು ಬೇಕು, ಇದು ಬೇಡ” ಅಂದರಾ. ಇಷ್ಟನ್ನು ಒಂದೇ ಕಡೆ ನೋಡಿಕೊಳ್ಳುವ ಪ್ಲಾಟ್‌ಫಾರ್ಮ್ ಅದು. ನಾವು ತೆಗೆದುಕೊಂಡದ್ದು ಮಿಡ್‌ಪಾಯಿಂಟ್. ಸ್ಲೊವಾಕಿಯಾದ ಎವೊಲ್ವಿಯಂ ಕಂಪನಿಯದು, ಓಪನ್ ಸೋರ್ಸ್, ಲೈಸೆನ್ಸ್ ದುಡ್ಡಿಲ್ಲದೆ ಲ್ಯಾಪ್‌ಟಾಪ್‌ನಲ್ಲೇ ಹಾಕಿ ನೋಡಬಹುದು. ಸೈಲ್‌ಪಾಯಿಂಟ್‌ನಂಥ ಬೇರೆ ಪ್ಲಾಟ್‌ಫಾರ್ಮ್ ಇದ್ದರೂ ಆ್ಯಪನ್ನು ಅದಕ್ಕೆ ಜೋಡಿಸಲು ಕೆಳಗಿನ ಮೂರು ದಾರಿ ಇದ್ದೇ ಇರುತ್ತವೆ, ಹೆಸರು ಸ್ವಲ್ಪ ಆಚೆ ಈಚೆ ಆಗಬಹುದು ಅಷ್ಟೇ.

ಹೋಲಿಸಲು ನಾನು ಇಟ್ಟುಕೊಂಡ ಪರೀಕ್ಷೆ ಒಂದೇ. ಡಿಸ್ಪ್ಯಾಚ್‌ನಲ್ಲಿ ಒಬ್ಬ ಸುಳ್ಳು ನೌಕರನನ್ನು ಸೃಷ್ಟಿಸಿದೆ. ಬ್ರೌಸರ್‌ನಲ್ಲಿ ಅವನ ಹೆಸರಲ್ಲಿ ಲಾಗಿನ್ ಆಗಿ ಟ್ಯಾಬ್ ತೆರೆದೇ ಇಟ್ಟೆ. ಶುಕ್ರವಾರ ಸಂಜೆ ಐದಕ್ಕೆ ಎಚ್‌ಆರ್ ಕಡೆಯಿಂದ ಅವನ ರಾಜೀನಾಮೆ ಹಾಕಿಸಿದೆ. ಆಮೇಲೆ ಆ ಟ್ಯಾಬ್‌ನಲ್ಲಿ ಅವನು ಎಷ್ಟು ಹೊತ್ತು ಕೆಲಸ ಮಾಡಬಲ್ಲ ಅಂತ ನೋಡುತ್ತಾ ಕೂತೆ. ಜೋಡಿಸಲು ಎಷ್ಟು ದಿನ ಹಿಡಿಯಿತು ಅನ್ನುವುದು ಎರಡನೇ ಮಾತು.

ಮೊದಲು ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಸಾಲು ಸಾಲಾಗಿ ಬರೆದ ಸಾದಾ ಪಟ್ಟಿಯ ಫೈಲ್. ಅರ್ಧ ದಿನದಲ್ಲಿ ಮುಗಿಯಿತು. ರಾತ್ರಿ ಒಂದಕ್ಕೆ ಆ್ಯಪ್‌ನ ಬಳಕೆದಾರರ ಪಟ್ಟಿ ಒಂದು ಫೋಲ್ಡರ್‌ಗೆ ಬಂದು ಬೀಳುತ್ತದೆ, ಎರಡಕ್ಕೆ ಪ್ಲಾಟ್‌ಫಾರ್ಮ್ ಅದನ್ನು ಓದುತ್ತದೆ. ಎಚ್‌ಆರ್ ಪಟ್ಟಿಯ ನೌಕರ ಸಂಖ್ಯೆಯ ಜೊತೆ ತಾಳೆ ಹಾಕಿ ಈ ಖಾತೆ ಇವರದ್ದು ಅಂತ ಗಂಟು ಹಾಕುತ್ತದೆ. ಮೊದಲ ದಿನವೇ 70ಕ್ಕೂ ಜಾಸ್ತಿ ವಾರಸುದಾರರಿಲ್ಲದ ಖಾತೆಗಳು ಕಣ್ಣಿಗೆ ಬಿದ್ದವು. ಆಡಿಟರ್ ಕೇಳಿದ್ದಕ್ಕೆ ಇಷ್ಟೇ ಸಾಕಿತ್ತು, ಅಲ್ವಾ?

ಸಾಕಾಗಲಿಲ್ಲ. ಎರಡನೇ ವಾರ ಒಂದು ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಖಾತೆಗಳ ಗಂಟು ಬಿಚ್ಚಿಹೋಗಿತ್ತು. ಫೈಲ್ ತೆರೆದು ನೋಡಿದೆ. 00417 ಇದ್ದದ್ದು 417 ಆಗಿದೆ. 00092 ಇದ್ದದ್ದು 92. ಎಚ್‌ಆರ್ ಮೇಡಂಗೆ ಫೋನ್ ಮಾಡಿದೆ.

“ಮೇಡಂ, ಆ ಫೋಲ್ಡರ್‌ನ ಫೈಲ್ ಯಾರಾದ್ರೂ ಮುಟ್ಟಿದ್ದಾರಾ?”

“ನಾನು ಓಪನ್ ಮಾಡಿ ನೋಡಿದ್ದು ಮಾತ್ರ ಸರ್. ಎಂತ ಸಹ ಮಾಡ್ಲಿಲ್ಲ.” ಸ್ವಲ್ಪ ತಡೆದು, “ಮುಚ್ಚುವಾಗ ಸೇವ್ ಮಾಡ್ಬೇಕಾ ಅಂತ ಕೇಳಿತು. ಯೆಸ್ ಕೊಟ್ಟೆ.”

ಎಕ್ಸೆಲ್‌ನಲ್ಲಿ ಸಿಎಸ್‌ವಿ ತೆರೆದರೆ ಸಂಖ್ಯೆಯ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಸೇವ್ ಮಾಡಿದರೆ ಹಾರಿದ್ದು ಹಾರಿತು. ಮೇಡಂದು ತಪ್ಪಿಲ್ಲ, ಎಲ್ಲರೂ ತೆರೆಯಬಹುದಾದ ಫೋಲ್ಡರ್‌ನಲ್ಲಿ ಫೈಲ್ ಇಟ್ಟವನು ನಾನು. ಹಾಗಾದರೆ ಹೆಸರಿನಿಂದ ತಾಳೆ ಹಾಕೋಣ ಅಂದ ನಮ್ಮ ಹುಡುಗ. ನಮ್ಮ ಊರಲ್ಲಿ ಅದು ಆಗುವ ಮಾತಲ್ಲ. ಒಂದೇ ಹೆಸರು, ಅದರ ಮುಂದೆ ಶೆಟ್ಟಿ, ಅಂಥವರು ನಾಲ್ಕು ಜನ ಆ ಕಾರ್ಖಾನೆಯಲ್ಲೇ ಇದ್ದಾರೆ. ಡಿಸೋಜ ಅನ್ನುವ ಹೆಸರನ್ನು ಇಂಗ್ಲಿಷ್‌ನಲ್ಲಿ ಮೂರು ಥರ ಬರೆದಿದ್ದಾರೆ. ನೌಕರ ಸಂಖ್ಯೆ ಬಿಟ್ಟರೆ ಬೇರೆ ಗತಿ ಇಲ್ಲ.

ಇನ್ನೊಂದು ಸಲ ಫೈಲ್ ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು. 612 ಸಾಲಿನ ಬದಲು 340 ಸಾಲು. ಪ್ಲಾಟ್‌ಫಾರ್ಮ್ ಪಾಪ, ಉಳಿದವರ ಖಾತೆ ಅಳಿಸಿಹೋಗಿದೆ ಅಂತಲೇ ತಿಳಿಯಿತು. ಇದಕ್ಕೆ ಮದ್ದು ಸುಲಭ: ಮೊದಲು ಬೇರೆ ಹೆಸರಲ್ಲಿ ಪೂರ್ತಿ ಬರೆದು, ಕೊನೆಗೆ ಹೆಸರು ಬದಲಿಸುವುದು. ಆದರೆ ಪೆಟ್ಟು ತಿಂದ ಮೇಲೆಯೇ ಅದು ಹೊಳೆಯುವುದು. ಆ ಫೈಲ್‌ಗೆ ಬೇಡದ ಕಾಲಂ ಸೇರಿಸಬೇಡಿ ಅಂತಲೂ ಹೇಳಿಬಿಡುತ್ತೇನೆ. ಎಚ್‌ಆರ್ ಕಡೆಯಿಂದ ಬಂದ ಮೊದಲ ಫೈಲ್‌ನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಸಂಬಳ ಎಲ್ಲಾ ಇತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಹೀಗೆ ಕಳಿಸುವವರಿದ್ದಾರೆ.

ಪರೀಕ್ಷೆಯಲ್ಲಿ ಸಿಎಸ್‌ವಿ ಸೋತಿತು. ಪ್ಲಾಟ್‌ಫಾರ್ಮನ್ನು ಆ್ಯಪ್‌ಗೆ ಜೋಡಿಸುವ ತುಣುಕು, ಅಂದರೆ ಕನೆಕ್ಟರ್, ಫೈಲ್‌ಗೆ ಬರೆಯಬಲ್ಲದು ನಿಜ, ಆದರೆ ಆ ಫೈಲನ್ನು ನಮ್ಮ ಆ್ಯಪ್ ವಾಪಸ್ ಓದುವುದಿಲ್ಲವಲ್ಲ. ಹಾಗಾಗಿ ಖಾತೆಯನ್ನು ಕೈಯಾರೆ ಮುಚ್ಚಿ ಅಂತ ಆ್ಯಪ್ ಅಡ್ಮಿನ್‌ಗೆ ಒಂದು ಟಿಕೆಟ್ ಹೋಯಿತು. ಅವರು ನೋಡಿದ್ದು ಸೋಮವಾರ ಹತ್ತೂವರೆಗೆ. ನನ್ನ ಸುಳ್ಳು ನೌಕರ ಶನಿವಾರವಿಡೀ ಆರಾಮವಾಗಿ ಎಂಟ್ರಿ ಹಾಕಬಹುದಿತ್ತು.

ಎರಡನೆಯದು ನೇರ ಡೇಟಾಬೇಸ್. ಆ್ಯಪ್‌ನ ಹಿಂದಿರುವುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್. ಮಿಡ್‌ಪಾಯಿಂಟ್ ಜೊತೆಗೇ ಬರುವ ಡೇಟಾಬೇಸ್ ಟೇಬಲ್ ಕನೆಕ್ಟರ್ ಒಂದು ಟೇಬಲ್ಲಿಗೆ ಸಾಕು. ನಮ್ಮಲ್ಲಿ ಬಳಕೆದಾರರು ಒಂದು ಟೇಬಲ್, ಅವರ ಪಾತ್ರಗಳು, ಅಂದರೆ ಯಾರಿಗೆ ಏನು ಮಾಡುವ ಅಧಿಕಾರ ಅನ್ನುವುದು, ಇನ್ನೊಂದು ಟೇಬಲ್. ಬಿಲ್ಲು ಮಾಡುವವನೇ ಬಿಲ್ಲು ಪಾಸ್ ಮಾಡುವ ಹಾಗೆ ಇದ್ದರೆ ಅದು ಸಿಗುವುದು ಈ ಎರಡನೇ ಟೇಬಲ್‌ನಲ್ಲಿ. ಹಾಗಾಗಿ ಸ್ಕ್ರಿಪ್ಟೆಡ್ ಎಸ್‌ಕ್ಯೂಎಲ್ ಕನೆಕ್ಟರ್ ಹಾಕಿ, ಗ್ರೂವಿ ಅನ್ನುವ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯಬೇಕಾಯಿತು. ಎರಡು ದಿನದ ಕೆಲಸ.

ಇಲ್ಲೂ ಡಿಸೋಜ ಅವರೇ ಅಡ್ಡ ಬಂದರು. ಕೆಲವರ ಹೆಸರಿನಲ್ಲಿ ‘ಡಿ’ ಆದ ಮೇಲೆ ಮೇಲೊಂದು ಕೊಂಬು ಇರುತ್ತದೆ, ಅಪಾಸ್ಟ್ರಫಿ. ನಾನು ಅವಸರದಲ್ಲಿ ಹೆಸರನ್ನು ನೇರ ಕ್ವೆರಿಯೊಳಗೆ, ಅಂದರೆ ಡೇಟಾಬೇಸ್‌ಗೆ ಕಳಿಸುವ ಎಸ್‌ಕ್ಯೂಎಲ್ ವಾಕ್ಯದೊಳಗೆ, ತುರುಕಿದ್ದೆ. ಆ ಕೊಂಬು ಬಂದಲ್ಲಿಗೆ ಹೆಸರು ಮುಗಿಯಿತು ಅಂತ ಡೇಟಾಬೇಸ್ ಅಂದುಕೊಂಡಿತು, ಉಳಿದದ್ದು ಅರ್ಥವಾಗದೆ ಸ್ಕ್ರಿಪ್ಟ್ ಬಿತ್ತು. ಬಿದ್ದದ್ದೇ ಪುಣ್ಯ. ಕೆಟ್ಟ ಬುದ್ಧಿಯವನೊಬ್ಬ ಅದೇ ತೂತಿನಲ್ಲಿ ಬೇರೆ ಏನನ್ನಾದರೂ ಓಡಿಸಬಹುದಿತ್ತು. ಹೆಸರನ್ನು ಕ್ವೆರಿಯೊಳಗೆ ಸೇರಿಸದೆ ಪ್ಯಾರಾಮೀಟರ್ ಆಗಿ ಬೇರೆಯೇ ಕೊಟ್ಟ ಮೇಲೆ ಸರಿಯಾಯಿತು. ಮಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವವರಿಗೆ ಆ ಒಂದು ಹೆಸರು ದೇವರು ಕೊಟ್ಟ ಟೆಸ್ಟ್ ಡೇಟಾ.

ಡೇಟಾಬೇಸ್ ನೋಡಿಕೊಳ್ಳುವ ನಮ್ಮ ಡಿಬಿಎಗೆ ಈ ದಾರಿ ಮೊದಲಿನಿಂದಲೂ ಹಿಡಿಸಲಿಲ್ಲ. “ಮಾರಾಯ್ರೆ, ಹೊರಗಿನ ಯಂತ್ರಕ್ಕೆ ನನ್ನ ಟೇಬಲ್ ಬರೆಯಲಿಕ್ಕೆ ಬಿಡುದಾ?” ಅಂದರು. ಕೊನೆಗೆ ಎರಡೂ ಟೇಬಲ್ ಓದಲು ಬಿಟ್ಟು, ಬರೆಯಲು ಸ್ಟೇಟಸ್ ಕಾಲಂ ಒಂದಕ್ಕೆ ಮಾತ್ರ ಅನುಮತಿ ಕೊಟ್ಟರು. ಪೋಸ್ಟ್‌ಗ್ರೆಸ್‌ನಲ್ಲಿ ಹಾಗೆ ಕಾಲಂ ಮಟ್ಟದಲ್ಲಿ ಕೊಡಬಹುದು.

ಪರೀಕ್ಷೆ ಮಾಡಿದೆ. ಎರಡೇ ನಿಮಿಷದಲ್ಲಿ ಟೇಬಲ್‌ನಲ್ಲಿ ಸ್ಟೇಟಸ್ ಬದಲಾಯಿತು. ಪ್ಲಾಟ್‌ಫಾರ್ಮ್‌ನಲ್ಲಿ ಹಸಿರು ಗುರುತು. ಖುಷಿಯಿಂದ ಆ ತೆರೆದಿಟ್ಟ ಟ್ಯಾಬ್‌ಗೆ ಹೋಗಿ ಒಂದು ಡಿಸ್ಪ್ಯಾಚ್ ಎಂಟ್ರಿ ಒತ್ತಿದೆ. ಹೋಯಿತು! ನಮ್ಮ ಆ್ಯಪ್ ಲಾಗಿನ್ ಆಗುವಾಗ ಮಾತ್ರ ಸ್ಟೇಟಸ್ ನೋಡುತ್ತದೆ. ಒಳಗೆ ಬಂದವನಿಗೆ ಎಂಟು ಗಂಟೆಯ ಸೆಶನ್ ಕೊಟ್ಟು ಮತ್ತೆ ತಿರುಗಿ ನೋಡುವುದಿಲ್ಲ. ಆ್ಯಪ್‌ನ ಸ್ವಂತ ಲಾಗ್‌ನಲ್ಲೂ ಈ ಖಾತೆ ಯಾರು ಮುಚ್ಚಿದರು ಅನ್ನುವ ಸಾಲಿಲ್ಲ, ಯಾಕೆಂದರೆ ಮುಚ್ಚಿದ್ದು ಆ್ಯಪ್ ಅಲ್ಲ. ಹಿಂಬಾಗಿಲಿಂದ ಹೋದರೆ ಹೀಗೇ. ಸಿಎಸ್‌ವಿಗಿಂತ ಇದು ಹೆಚ್ಚು ಅಪಾಯ ಅಂತ ನನಗನಿಸಿತು. ಸಿಎಸ್‌ವಿ ಮುಚ್ಚಿಲ್ಲ ಅಂತಾದರೂ ಒಪ್ಪುತ್ತದೆ. ಇದು ಹಸಿರು ಗುರುತು ತೋರಿಸಿ ಬಾಗಿಲು ತೆರೆದಿಡುತ್ತದೆ.

ಮೂರನೆಯದು ಸ್ಕಿಮ್ (SCIM). ಖಾತೆ ಮಾಡುವುದು, ಬದಲಿಸುವುದು, ಮುಚ್ಚುವುದು, ಇದಕ್ಕೆಲ್ಲ ಎಚ್‌ಟಿಟಿಪಿ ಮೇಲೆ ಒಂದು ಸಾಮಾನ್ಯ ಭಾಷೆ. ಎರಡನೇ ಆವೃತ್ತಿ 2015ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 7643, 7644 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆಗಳಾಗಿ ಬಂತು. ಇಲ್ಲಿ ಕೆಲಸ ಪ್ಲಾಟ್‌ಫಾರ್ಮ್ ಕಡೆಯದ್ದಲ್ಲ, ಆ್ಯಪ್ ಬರೆದವರದ್ದು. ಅಂದರೆ ನಮ್ಮದು. ಮೂರು ವಾರ ಹಿಡಿಯಿತು, ಬೈಗುಳವೂ ಸಿಕ್ಕಿತು.

ಎಲ್ಲಾ ಮುಗಿಯಿತು ಅಂತ ಲೆಕ್ಕ ನೋಡಿದರೆ ಆ್ಯಪ್‌ನಲ್ಲಿ 612, ಪ್ಲಾಟ್‌ಫಾರ್ಮ್‌ನಲ್ಲಿ 611. ಒಂದು ಖಾತೆ ಎಲ್ಲಿ? ಹುಡುಗ ಹೇಳಿದ, “ಒಂದೇ ಅಲ್ವಾ ಸರ್, ಟೆಸ್ಟ್ ಖಾತೆ ಇರ್ಬೇಕು, ಬಿಡಿ.” ನನಗೆ ಬಿಡಲು ಮನಸ್ಸಾಗಲಿಲ್ಲ. ಸ್ಕಿಮ್‌ನಲ್ಲಿ ಪಟ್ಟಿಯನ್ನು ಪುಟ ಪುಟವಾಗಿ ಕೇಳುವಾಗ ಎಣಿಕೆ 1ರಿಂದ ಶುರು. ನಮ್ಮ ಹುಡುಗ ಅದನ್ನು ಹಾಗೇ ಎತ್ತಿ ಡೇಟಾಬೇಸ್‌ನ ಆಫ್‌ಸೆಟ್‌ಗೆ, ಅಂದರೆ ಎಷ್ಟು ಸಾಲು ಬಿಟ್ಟು ಓದಬೇಕು ಅನ್ನುವ ಸಂಖ್ಯೆಗೆ, ಕೊಟ್ಟಿದ್ದ. ಅಲ್ಲಿ ಎಣಿಕೆ 0ಯಿಂದ ಶುರು. ಹಾಗಾಗಿ ಪಟ್ಟಿಯ ಮೊಟ್ಟಮೊದಲ ಸಾಲು ಯಾವತ್ತೂ ಬರುವುದೇ ಇಲ್ಲ. ಆ ಮೊದಲ ಸಾಲು ಯಾವುದು ಗೊತ್ತಾ? ಆ್ಯಪ್ ಹಾಕಿದ ದಿನ ಮಾಡಿದ ಅಡ್ಮಿನ್ ಖಾತೆ. ಇಡೀ ಆ್ಯಪ್‌ನಲ್ಲಿ ಅತಿ ಜಾಸ್ತಿ ಅಧಿಕಾರ ಇರುವ ಖಾತೆಯೊಂದೇ ಗವರ್ನೆನ್ಸ್‌ನ ಕಣ್ಣು ತಪ್ಪಿಸಿಕೊಂಡಿತ್ತು. ಯಾವ ದಾರಿಯಲ್ಲಿ ಜೋಡಿಸಿದರೂ ಎರಡೂ ಕಡೆ ತಲೆ ಎಣಿಸಿ. ಒಂದು ವ್ಯತ್ಯಾಸ ಬಂದರೂ ಬಿಡಬೇಡಿ.

ಅಳಿಸುವ ಆಜ್ಞೆಯನ್ನು ನಾವು ಪ್ಲಾಟ್‌ಫಾರ್ಮ್ ಕಡೆಯಿಂದಲೇ ಆಫ್ ಮಾಡಿದೆವು. ಹಳೇ ಬಿಲ್ಲುಗಳಲ್ಲಿ ಆ ಬಳಕೆದಾರನ ಹೆಸರು ಇರುತ್ತದೆ, ಅಳಿಸಿದರೆ ಅವು ಅನಾಥ. ಬಿಟ್ಟು ಹೋದವನಿಗೆ ‘ಆ್ಯಕ್ಟಿವ್’ ಅನ್ನುವುದನ್ನು ‘ಫಾಲ್ಸ್’ ಮಾಡುವ ಪ್ಯಾಚ್, ಅಂದರೆ ಬದಲಿಸುವ ಆಜ್ಞೆ, ಒಂದು ಹೋಗುತ್ತದೆ, ಅಷ್ಟೇ. ಅದನ್ನು ತೆಗೆದುಕೊಳ್ಳುವುದು ನಮ್ಮದೇ ಕೋಡ್ ಆದ್ದರಿಂದ ಅಲ್ಲಿಯೇ ಸೆಶನ್ ಕೂಡ ಕಡಿದೆವು, ಲಾಗ್‌ನಲ್ಲಿ ಒಂದು ಸಾಲನ್ನೂ ಬರೆದೆವು.

ಪರೀಕ್ಷೆಯ ಶುಕ್ರವಾರ ಜುಲೈ ಮಳೆ. ಸರಿಯಾಗಿ ಐದಕ್ಕೆ ಬೈಕಂಪಾಡಿಯ ನೆಟ್ ಲೈನ್ ಬಿತ್ತು. ಪ್ಯಾಚ್ ಹೋಗಲಿಲ್ಲ. ಸೋತೆ ಅಂದುಕೊಂಡು ಚಾ ಕುಡಿಯಲು ಹೋದೆ. ಲೈನ್ ಬಂದ ಮೇಲೆ ಮಿಡ್‌ಪಾಯಿಂಟ್ ಬಾಕಿ ಇದ್ದ ಆ ಕೆಲಸವನ್ನು ತಾನೇ ಮತ್ತೆ ಕಳಿಸಿತ್ತು. ವಾಪಸ್ ಬಂದು ಆ ಟ್ಯಾಬ್‌ನಲ್ಲಿ ಎಂಟ್ರಿ ಒತ್ತಿದೆ. ಸೀದಾ ಲಾಗಿನ್ ಪುಟಕ್ಕೆ ಎಸೆಯಿತು.

ಹಾಗಂತ ಎಲ್ಲದಕ್ಕೂ ಸ್ಕಿಮ್ ಹಾಕಿ ಅಂತ ಹೇಳಲಾರೆ. ಕೋಡ್ ನಿಮ್ಮ ಕೈಯಲ್ಲಿದ್ದರೆ, ದುಡ್ಡು ಅಥವಾ ಮಾಲು ಹೊರಹೋಗುವ ಆ್ಯಪ್ ಆದರೆ, ಮೂರು ವಾರ ಕೊಡಿ. ಅದೇ ಕಾರ್ಖಾನೆಯ ಲಾರಿ ತೂಗುವ ವೇಬ್ರಿಡ್ಜ್‌ನ ಸಾಫ್ಟ್‌ವೇರ್ ಬರೆದವರು ಈಗ ಆ ಕೆಲಸವನ್ನೇ ಬಿಟ್ಟಿದ್ದಾರೆ, ಬಳಸುವವರು ಆರು ಜನ. ಅದಕ್ಕೆ ಸಿಎಸ್‌ವಿ ಮತ್ತು ಟಿಕೆಟ್ ಸಾಕು, ಫೋಲ್ಡರ್ ಮಾತ್ರ ಈಗ ಮೇಡಂಗೆ ಕಾಣುವುದಿಲ್ಲ. ನೇರ ಡೇಟಾಬೇಸ್ ದಾರಿಯನ್ನು ನಾನು ಓದಲು ಮಾತ್ರ ಇಟ್ಟುಕೊಳ್ಳುತ್ತೇನೆ, ಬರೆಯಲು ಬೇಡ.

ಆ ಅಡ್ಮಿನ್ ಖಾತೆ ಈಗ ಪಟ್ಟಿಯಲ್ಲಿದೆ. ಮೊದಲ ಪರಿಶೀಲನೆಯಲ್ಲಿ ಇದು ಯಾರದ್ದು ಅಂತ ಮ್ಯಾನೇಜರ್‌ಗೆ ಪ್ರಶ್ನೆ ಹೋಯಿತು. ಪಾಸ್‌ವರ್ಡ್ ಗೊತ್ತಿದ್ದವರು ಐದು ಜನ ಸಿಕ್ಕಿದರು. ನನ್ನದು ಅಂದವರು ಇನ್ನೂ ಒಬ್ಬರೂ ಇಲ್ಲ.