ಎನರ್ಜಿ ಮಾನಿಟರಿಂಗ್ ಸೇವೆ: ಹಲವು ಆಫೀಸ್ ಕಟ್ಟಡಗಳಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಬೆಂಗಳೂರಿನ ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಮೈಸೂರು, ಮಂಗಳೂರು ಇಲ್ಲೆಲ್ಲ ಇರುವ ಬಾಡಿಗೆ ಆಫೀಸ್ ಕಟ್ಟಡಗಳ ಕರೆಂಟ್ ಲೆಕ್ಕವನ್ನು ಒಂದೇ ಪರದೆಯಲ್ಲಿ ತೋರಿಸುವ ಸೇವೆ ಇದು. ಎಚ್‌ಟಿ ಇನ್‌ಕಮರ್ (ಹೆಚ್ಚಿನ ವೋಲ್ಟೇಜ್‌ನ ಕರೆಂಟ್ ಕಟ್ಟಡಕ್ಕೆ ಬರುವ ಮುಖ್ಯ ಲೈನ್), ಡಿಜಿ (ಡೀಸೆಲ್ ಜನರೇಟರ್), ಚಿಲ್ಲರ್ (ಎಸಿಗೆ ನೀರು ತಂಪಾಗಿಸುವ ಯಂತ್ರ), ಪಂಪು, ಎಎಚ್‌ಯು (ಮಹಡಿಗೆ ತಂಪು ಗಾಳಿ ಊದುವ ಘಟಕ), ಲಿಫ್ಟ್, ಮಹಡಿವಾರು ಯುಪಿಎಸ್ ಮತ್ತು ಲೈಟಿಂಗ್ ಫೀಡರ್‌ಗಳಿಗೆ (ಒಂದೊಂದು ಭಾಗಕ್ಕೆ ಕರೆಂಟ್ ಒಯ್ಯುವ ಲೈನ್) ಸಬ್‌ಮೀಟರ್, ಮಧ್ಯೆ ಅವುಗಳ ಅಂಕಿಯನ್ನು ಸೇವೆಗೆ ಕಳಿಸುವ ಒಂದು ಗೇಟ್‌ವೇ, ವರ್ಷಕ್ಕೊಮ್ಮೆ ಚಂದಾ. ಕಂಪನಿಯ ಹೆಸರು ಬರೆಯುತ್ತಿಲ್ಲ. ಮಾರುಕಟ್ಟೆಯಲ್ಲಿರುವ ಇಂಥ ಸೇವೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಅಳತೆಯ ಭಾಗಕ್ಕೆ ಕೊಟ್ಟ ದುಡ್ಡು ವಸೂಲಿ ಆಗಿದೆ. ‘ಎಐ ಶಿಫಾರಸು’ ಎಂದು ಮೇಲಿಂದ ಕೇಳುವ ದುಡ್ಡು ದಂಡ.

ಕೊಳ್ಳುವವರು ಡ್ಯಾಶ್‌ಬೋರ್ಡ್‌ನ ಬಣ್ಣ ನೋಡಿ ಮರುಳಾಗುತ್ತಾರೆ. ಸೇವೆ ಗೆಲ್ಲುವುದೂ ಸೋಲುವುದೂ ಪ್ಯಾನೆಲ್‌ನೊಳಗಿನ ಸಿಟಿಯಲ್ಲಿ, ಅಂದರೆ ದೊಡ್ಡ ಕರೆಂಟನ್ನು ಮೀಟರ್ ಅಳೆಯುವಷ್ಟಕ್ಕೆ ಇಳಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ. ಮೂರು ಫೇಸ್‌ಗೂ ಲೋಡ್ ಸಮನಾಗಿರುವ ಫೀಡರ್‌ನಲ್ಲಿ ಒಂದು ಸಿಟಿ ತಿರುಗುಮುರುಗಾದರೆ ಮೀಟರ್ ಮೂರರಲ್ಲಿ ಒಂದು ಪಾಲನ್ನಷ್ಟೇ ತೋರಿಸುತ್ತದೆ. ಆರ್ ಮತ್ತು ವೈ ಫೇಸ್‌ಗಳ ಸಿಟಿ ಅದಲುಬದಲಾದರೆ ಒಟ್ಟು ಯೂನಿಟ್ ಸೊನ್ನೆಯ ಹತ್ತಿರಕ್ಕೆ ಬರುತ್ತದೆ, ಆಂಪಿಯರ್ ಮಾತ್ರ ಸರಿಯಾಗಿಯೇ ಇರುತ್ತದೆ. ಹಾಗಾಗಿ ಅಳವಡಿಸಿದ ದಿನವೇ ಮೀಟರ್‌ನಲ್ಲಿ ಫೇಸ್‌ವಾರು ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ನೋಡಬೇಕು. ಎರಡು ಫೇಸ್ 0.95, ಮೂರನೆಯದು ಮೈನಸ್ 0.95 ಎಂದಿದ್ದರೆ ಸಿಟಿಯಿಂದ ಮೀಟರ್‌ಗೆ ಬರುವ ಎಸ್1, ಎಸ್2 ವೈರ್ ಅದಲಾಗಿದೆ ಎಂದೇ ಅರ್ಥ. ಸರಿಪಡಿಸುವಾಗ ಲೋಡ್ ಇರುವ ಸಿಟಿಯ ಸೆಕೆಂಡರಿಯನ್ನು (ಮೀಟರ್ ಕಡೆಯ ವೈರ್) ಬಿಚ್ಚಲೇಬಾರದು. ತುದಿಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಏಳುತ್ತದೆ. ಮೊದಲು ಆ ಎರಡು ತುದಿಗಳನ್ನು ಸೇರಿಸುವ ಶಾರ್ಟಿಂಗ್ ಲಿಂಕ್ ಹಾಕಿ, ಆಮೇಲೆ ಕೈ ಇಡಿ. ರೇಷಿಯೊದ, ಅಂದರೆ ಸಿಟಿ ಕರೆಂಟನ್ನು ಎಷ್ಟರಿಂದ ಎಷ್ಟಕ್ಕೆ ಇಳಿಸುತ್ತದೆ ಎಂಬುದರ, ತಪ್ಪು ಇನ್ನೂ ಮೋಸದ್ದು. 200/5 ಸಿಟಿ ಹಾಕಿ ಮೀಟರ್‌ನಲ್ಲಿ 100/5 ಎಂದು ಕೊಟ್ಟರೆ ಎಲ್ಲವೂ ಅರ್ಧ ತೋರಿಸುತ್ತದೆ, ಗ್ರಾಫ್‌ನ ಆಕಾರ ಮಾತ್ರ ಚೆಂದಾಗಿರುತ್ತದೆ. ಸಬ್‌ಮೀಟರ್‌ಗಳ ಮೊತ್ತ ಮತ್ತು ಇನ್‌ಕಮರ್ ಯೂನಿಟ್ ತಾಳೆಯಾಗುವವರೆಗೂ ಇನ್‌ಸ್ಟಾಲೇಷನ್ ಬಿಲ್‌ಗೆ ಸಹಿ ಹಾಕಬೇಡಿ. ಎರಡು-ಮೂರು ಶೇಕಡ ವ್ಯತ್ಯಾಸ ಸಹಜ, ಹತ್ತು ಶೇಕಡ ಅಲ್ಲ.

ಸಂವಹನದ ಕೇಬಲ್ ಎರಡನೇ ತಲೆನೋವು. ಮೀಟರ್‌ಗಳ ಅಂಕಿಯನ್ನು ಗೇಟ್‌ವೇಗೆ ಒಯ್ಯುವ ಆರ್‌ಎಸ್-485 ಲೈನ್ ಮೀಟರ್‌ನಿಂದ ಮೀಟರ್‌ಗೆ ಸರಪಳಿಯಂತೆ ಹೋಗಬೇಕು, ನಡುವೆ ಕವಲು ತೆಗೆಯಬಾರದು. ಎರಡೂ ತುದಿಗೆ 120 ಓಮ್ ರೆಸಿಸ್ಟರ್, ಶೀಲ್ಡ್ ಒಂದೇ ಕಡೆ ಅರ್ಥಿಂಗ್. ಒಂದು ಲೂಪ್‌ಗೆ 32 ಮೀಟರ್‌ಗಳನ್ನು ಜೋಡಿಸಬಹುದು ಎಂದು ಪುಸ್ತಕ ಹೇಳುತ್ತದೆ. 20ಕ್ಕೆ ನಿಲ್ಲಿಸಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ವಿಎಫ್‌ಡಿಯ (ಮೋಟರ್‌ನ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್) ಔಟ್‌ಪುಟ್ ಕೇಬಲ್ ಹೋಗುವ ಟ್ರೇಯಲ್ಲೇ ಈ ವೈರ್ ಎಳೆದರೆ ಡೇಟಾ ಆಗಾಗ ಕಾಣೆಯಾಗುತ್ತದೆ. ಗೇಟ್‌ವೇಗೆ ಯುಪಿಎಸ್ ಸಾಕೆಟ್‌ನಿಂದಲೇ ಕರೆಂಟ್ ಕೊಡಿ, ಇಲ್ಲದಿದ್ದರೆ ಡಿಜಿ ಚೇಂಜ್‌ಓವರ್ ಆದಾಗಲೆಲ್ಲ ಅದು ರೀಸ್ಟಾರ್ಟ್ ಆಗುತ್ತದೆ. ಸಾಫ್ಟ್‌ವೇರ್ ಓದಬೇಕಾದದ್ದು ಮೀಟರ್‌ನಲ್ಲಿ ಸಂಗ್ರಹವಾಗುವ ಒಟ್ಟು ಯೂನಿಟ್‌ನ ರಿಜಿಸ್ಟರ್. ಆ ಕ್ಷಣದ ಕಿಲೋವ್ಯಾಟ್ ಓದಿ ಯೂನಿಟ್ ಲೆಕ್ಕ ಹಾಕುವ ಸೇವೆಯಾದರೆ, ನೆಟ್‌ವರ್ಕ್ ಇಲ್ಲದ ಪ್ರತಿ ಗಂಟೆಯೂ ಲೆಕ್ಕದಿಂದ ಮಾಯ.

ಇಷ್ಟಾದ ಮೇಲೆ ಲಾಭ ಮೊದಲು ಕಾಣಿಸುವುದು ರಾತ್ರಿಯ ಗ್ರಾಫ್‌ನಲ್ಲಿ. ಕಟ್ಟಡ ಖಾಲಿಯಾದ ಮೇಲೂ ಇಳಿಯದ ಲೋಡ್ ಯಾವ ಫೀಡರ್‌ನದು ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. 8 ಕಿಲೋವ್ಯಾಟ್ ಎಳೆಯುವ ಒಂದೇ ಎಎಚ್‌ಯು ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಸುಮ್ಮನೆ ಓಡಿದರೆ 80 ಯೂನಿಟ್, ತಿಂಗಳಿಗೆ 25 ರಾತ್ರಿಯೆಂದರೆ 2,000 ಯೂನಿಟ್. ಕಾರಣ ಬಹುಪಾಲು ಒಂದೇ: ಯಾವುದೋ ಮಹಡಿಯವರು ತಡವಾಗಿ ಕೆಲಸ ಮಾಡಿದ ದಿನ ಪ್ಯಾನೆಲ್‌ನ ಸೆಲೆಕ್ಟರ್ ಸ್ವಿಚ್ಚನ್ನು ‘ಹ್ಯಾಂಡ್’ಗೆ ತಿರುಗಿಸಿರುತ್ತಾರೆ, ‘ಆಟೊ’ಗೆ ವಾಪಸ್ ತಂದಿರುವುದಿಲ್ಲ. ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಪರದೆಯಲ್ಲಿ ಟೈಮ್ ಶೆಡ್ಯೂಲ್ ನೆಟ್ಟಗೇ ಇರುತ್ತದೆ.

ವಿಎಫ್‌ಡಿಗಳ ಕಥೆಯೂ ಇದೇ ಜಾತಿಯದು. ಫ್ಯಾನ್‌ನ ವೇಗ 50 ಹರ್ಟ್ಸ್‌ನಿಂದ 40ಕ್ಕೆ ಇಳಿದರೆ ಘನ ನಿಯಮದಂತೆ ವಿದ್ಯುತ್ ಸುಮಾರು ಅರ್ಧಕ್ಕೆ ಇಳಿಯಬೇಕು, 0.8ರ ಘನ 0.51. ಮೀಟರ್ ಹಾಕಿ ನೋಡಿದರೆ ಅಷ್ಟು ಇಳಿದಿರುವುದಿಲ್ಲ. ಡಕ್ಟ್‌ನ ಸ್ಟ್ಯಾಟಿಕ್ ಪ್ರೆಶರ್ ಸೆಟ್‌ಪಾಯಿಂಟ್ (ಗಾಳಿಯ ಕೊಳವೆಯಲ್ಲಿ ಕಾಯ್ದುಕೊಳ್ಳಬೇಕಾದ ಒತ್ತಡ) ಕಮಿಷನಿಂಗ್ ದಿನದ ಅಂಕಿಯಲ್ಲೇ ಕೂತಿರುತ್ತದೆ, ಬೇಡಿಕೆ ತಗ್ಗಿದರೂ ಫ್ಯಾನ್ ಆ ಒತ್ತಡವನ್ನು ಕಾಯುತ್ತಲೇ ಇರುತ್ತದೆ. ಇನ್ನು ಕೆಲವು ಡ್ರೈವ್‌ಗಳು ಬೈಪಾಸ್‌ನಲ್ಲಿ, ಅಂದರೆ ಪೂರ್ತಿ 50 ಹರ್ಟ್ಸ್‌ನಲ್ಲಿ, ತಿಂಗಳುಗಟ್ಟಲೆ ಓಡುತ್ತವೆ. ಲೋಡ್ ಗ್ರಾಫ್ ಇಡೀ ದಿನ ಗೆರೆ ಎಳೆದ ಹಾಗೆ ಸಪಾಟಾಗಿದ್ದರೆ ಹೋಗಿ ಪ್ಯಾನೆಲ್ ತೆರೆಯಿರಿ.

ಬೇಡಿಕೆ ಶುಲ್ಕದಲ್ಲೂ ಉಳಿತಾಯವಿದೆ. ಎಚ್‌ಟಿ ಬಿಲ್‌ನಲ್ಲಿ ಕೆವಿಎ (ಒಮ್ಮೆಗೆ ಎಳೆಯುವ ಲೋಡ್) ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ಕರಾರಿನಲ್ಲಿ ಒಪ್ಪಿಕೊಂಡ ಮಿತಿ) ದಾಟಿದರೆ ದಾಟಿದಷ್ಟಕ್ಕೆ ದುಪ್ಪಟ್ಟು ದರ. ಬೆಳಿಗ್ಗೆ ಚಿಲ್ಲರ್, ಪಂಪು, ಎಎಚ್‌ಯು ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡುವುದೇ ಇದಕ್ಕೆ ಮೂಲ. ಒಂದೊಂದು ಮಹಡಿಗೂ ಹತ್ತು ನಿಮಿಷ ಅಂತರ ಕೊಟ್ಟರೆ ಸಾಕು, ಖರ್ಚಿಲ್ಲ. ಸೇವೆಯ ಡಿಮ್ಯಾಂಡ್ ಅಲಾರ್ಮ್ ಎಚ್‌ಟಿ ಮೀಟರ್‌ನ ಇಂಟಿಗ್ರೇಷನ್ ಅವಧಿಯನ್ನೇ (ಲೋಡ್‌ನ ಸರಾಸರಿ ತೆಗೆಯುವ ಅವಧಿ) ಬಳಸುವಂತೆ ಮಾಡಿಸಿಕೊಳ್ಳಿ, ಇಲ್ಲವಾದರೆ ಎರಡರ ಅಂಕಿ ಎಂದೂ ಕೂಡುವುದಿಲ್ಲ.

ಚಿಲ್ಲರ್ ಪ್ಲಾಂಟ್‌ಗೆ ಕರೆಂಟ್ ಮೀಟರ್ ಒಂದರಿಂದ ಏನೂ ತಿಳಿಯದು, ನೀರಿನ ಹರಿವು ಮತ್ತು ತಾಪಮಾನದಿಂದ ತಂಪನ್ನು ಅಳೆಯುವ ಬಿಟಿಯು ಮೀಟರ್ ಬೇಕೇ ಬೇಕು. ಗಂಟೆಗೆ 100 ಘನ ಮೀಟರ್ ನೀರು ಹರಿದು, ಹೋಗುವ ಮತ್ತು ಬರುವ ನೀರಿನ ಅಂತರ 5.5 ಡಿಗ್ರಿ ಇದ್ದರೆ 550ನ್ನು 3.024ರಿಂದ ಭಾಗಿಸಿ ಸುಮಾರು 182 ಟಿಆರ್ (ಟನ್ ರೆಫ್ರಿಜರೇಷನ್, ತಂಪಿನ ಅಳತೆ). ಅದೇ ಹರಿವಿಗೆ ಅಂತರ 3 ಡಿಗ್ರಿಗೆ ಇಳಿದರೆ 99 ಟಿಆರ್ ಮಾತ್ರ. ಪಂಪಿನ ಖರ್ಚು ಅಷ್ಟೇ, ತಂಪು ಅರ್ಧ. ಎಎಚ್‌ಯು ವಾಲ್ವ್ ಪೂರ್ತಿ ಮುಚ್ಚದೆ ನೀರು ಬಿಡುತ್ತಿರುವುದು, ಕಾಯಿಲ್ ಕೊಳೆಯಾಗಿರುವುದು, ಬೇಡದ ನೀರನ್ನು ಹಾಗೇ ವಾಪಸ್ ಬಿಡುವ ಮೂರು ದಾರಿಯ ವಾಲ್ವ್ ಉಳಿದುಕೊಂಡಿರುವುದು ಇದಕ್ಕೆ ಕಾರಣ. ಇಂಥ ಕಡೆ ಎರಡನೇ ಚಿಲ್ಲರ್ ಚಾಲೂ ಮಾಡುವುದು ಆಪರೇಟರ್‌ಗಳಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಫ್ಲೋ ಮೀಟರ್‌ನ ಮುಂಚೆ ಪೈಪಿನ ವ್ಯಾಸದ ಹತ್ತರಷ್ಟು, ನಂತರ ಐದರಷ್ಟು ನೇರ ಪೈಪ್ ಇರಲಿ. ಎರಡು ತಾಪಮಾನ ಸೆನ್ಸರ್‌ಗಳು ಜೋಡಿಯಾಗಿ ಕ್ಯಾಲಿಬ್ರೇಟ್ ಆದವೇ ಆಗಿರಲಿ. 5 ಡಿಗ್ರಿಯ ಅಂತರದಲ್ಲಿ ಅರ್ಧ ಡಿಗ್ರಿ ತಪ್ಪೆಂದರೆ ಹತ್ತು ಶೇಕಡ ತಪ್ಪು.

ಕಟ್ಟಡಗಳನ್ನು ಒಂದರ ಪಕ್ಕ ಒಂದಿಟ್ಟು ರ್‍ಯಾಂಕ್ ಕೊಡುವ ಪುಟ ಈ ಸೇವೆಯ ದೊಡ್ಡ ಜಾಹೀರಾತು, ಮತ್ತು ಅತ್ಯಂತ ದುರ್ಬಲ ಭಾಗ. ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಇಪಿಐ ಒಂದನ್ನೇ ನೋಡಿದರೆ ಅರ್ಧ ಖಾಲಿ ಇರುವ ಕಟ್ಟಡವೇ ಮೊದಲ ಸ್ಥಾನಕ್ಕೆ ಬರುತ್ತದೆ. ಇಸಿಬಿಸಿ ಎಂಬ ಕಟ್ಟಡಗಳ ಇಂಧನ ಉಳಿತಾಯದ ನಿಯಮಾವಳಿಯ ಪ್ರಕಾರ ಬೆಂಗಳೂರು ಸಮಶೀತೋಷ್ಣ ವಲಯ, ಮಂಗಳೂರು ಬಿಸಿ ಮತ್ತು ಆರ್ದ್ರ ವಲಯ. ಇವೆರಡನ್ನು ಹೋಲಿಸುವುದರಲ್ಲಿ ಹುರುಳಿಲ್ಲ. ತುಂಬಿದ ಮಹಡಿಯ ವಿಸ್ತೀರ್ಣ, ದಿನಕ್ಕೆ ಎಷ್ಟು ಶಿಫ್ಟ್, ಸರ್ವರ್ ರೂಮಿನ ಯೂನಿಟ್ ಪ್ರತ್ಯೇಕವೋ ಅಲ್ಲವೋ ಎಂಬ ಮೂರನ್ನು ನಾವೇ ತಿಂಗಳು ತಿಂಗಳು ತುಂಬಬೇಕು. ಡಿಜಿ ಯೂನಿಟ್ ಸೇರಿಸಲು ಮರೆತರೆ ಕರೆಂಟ್ ಪದೇಪದೇ ಹೋಗುವ ಏರಿಯಾದ ಕಟ್ಟಡ ಮಿತವ್ಯಯಿಯಂತೆ ಕಾಣುತ್ತದೆ. ಬಾಡಿಗೆ ಕರಾರಿನ ಗಂಟೂ ಇಲ್ಲೇ ಇದೆ. ಚಿಲ್ಲರ್‌ಗೆ ದುಡ್ಡು ಹಾಕುವವರು ಮಾಲೀಕರು, ಇಳಿದ ಬಿಲ್‌ನ ಲಾಭ ಬಾಡಿಗೆದಾರರಿಗೆ. ಯಾವ ಫೀಡರ್ ಯಾರ ಖಾತೆಗೆ ಎಂಬುದನ್ನು ಮೀಟರ್ ಹಾಕುವ ಮೊದಲೇ ಬರೆದುಕೊಳ್ಳದಿದ್ದರೆ ಆಮೇಲೆ ಸಿಎಎಂ (ಎಲ್ಲರೂ ಬಳಸುವ ಜಾಗದ ನಿರ್ವಹಣೆ) ಬಿಲ್ ಜಗಳ ತಪ್ಪದು.

ಇಂಗಾಲದ ವರದಿ ಉಪಯುಕ್ತ. ಲಿಸ್ಟೆಡ್ ಕಂಪನಿಯ ಬಾಡಿಗೆದಾರರು ಸೆಬಿಯ ಬಿಆರ್‌ಎಸ್‌ಆರ್ ಎಂಬ ಪರಿಸರ-ಸಾಮಾಜಿಕ ಹೊಣೆಯ ವರದಿಗಾಗಿ ಅಂಕಿ ಕೇಳಿದಾಗ ಮುದ್ರಿಸಿ ಕೊಡಬಹುದು. ಗ್ರಿಡ್ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್, ಡೀಸೆಲ್ ಲೀಟರ್‌ಗೆ 2.68 ಕಿಲೋ ಎಂದು ಲೆಕ್ಕ ಹಾಕುತ್ತದೆ. ಆದರೆ ಎಸಿ ಗ್ಯಾಸ್ ಸೋರಿಕೆಗೆ ಅದರಲ್ಲಿ ಕಾಲಮ್ಮೇ ಇಲ್ಲ. 10 ಕಿಲೋ ಆರ್-410ಎ ಗಾಳಿಗೆ ಹೋದರೆ, ಅದರ ಜಿಡಬ್ಲ್ಯುಪಿ (ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟು ಪಟ್ಟು ಭೂಮಿಯ ಬಿಸಿ ಏರಿಸುತ್ತದೆ ಎಂಬ ಅಂಕಿ) 2,088 ಆದ್ದರಿಂದ, ಸುಮಾರು 21 ಟನ್ ಆಯಿತು. ಹತ್ತಿರಹತ್ತಿರ 30,000 ಯೂನಿಟ್ ಕರೆಂಟಿನಷ್ಟು. ಎಎಂಸಿಯವರು (ವಾರ್ಷಿಕ ನಿರ್ವಹಣೆಯ ಗುತ್ತಿಗೆದಾರರು) ಗ್ಯಾಸ್ ತುಂಬಿದ ರಸೀದಿಗಳನ್ನು ಕೂಡಿಸಿಟ್ಟುಕೊಂಡು ಕೈಯಿಂದಲೇ ಸೇರಿಸಬೇಕು.

ಎಐ ಶಿಫಾರಸುಗಳ ಬಗ್ಗೆ ಹೆಚ್ಚು ಬರೆಯಲು ಏನಿಲ್ಲ. ಚಿಲ್ಡ್ ವಾಟರ್ ತಾಪಮಾನ ಏರಿಸಿ ಎಂದು ಎಲ್ಲ ಕಟ್ಟಡಕ್ಕೂ ಒಂದೇ ರಾಗ. ಬೆಂಗಳೂರಿನ ಒಣಹವೆಯಲ್ಲಿ ಅದು ನಡೆಯುತ್ತದೆ, ಮಂಗಳೂರಿನ ಜೂನ್ ತಿಂಗಳಲ್ಲಿ ಹಾಗೆ ಮಾಡಿದರೆ ತೇವ ಹೋಗದೆ ಕಾರ್ಪೆಟ್ ಮುಗ್ಗಲು ಹಿಡಿಯುತ್ತದೆ.

ಕರಾರು ನವೀಕರಿಸುವಾಗ ಮೂರು ಷರತ್ತು ಹಾಕಿಸಿ: ಮೀಟರ್ ಮತ್ತು ಗೇಟ್‌ವೇ ನಮ್ಮ ಸ್ವತ್ತು, ಮಾಡ್‌ಬಸ್ ವಿಳಾಸಗಳ (ಗೇಟ್‌ವೇ ಮೀಟರ್‌ಗಳನ್ನು ಗುರುತಿಸುವ ಸಂಖ್ಯೆಗಳು) ಪಟ್ಟಿ ನಮ್ಮ ಕೈಯಲ್ಲಿ, ಕಚ್ಚಾ ಡೇಟಾ ಬೇಕೆಂದಾಗ ಸಿಎಸ್‌ವಿಯಲ್ಲಿ. ಸ್ಪ್ಲಿಟ್ ಎಸಿ ಇರುವ ಸಣ್ಣ ಎಲ್‌ಟಿ (ಕಡಿಮೆ ವೋಲ್ಟೇಜ್ ಸಂಪರ್ಕದ) ಕಟ್ಟಡಗಳಿಗೆ ಈ ಚಂದಾ ಬೇಡ. ಸೆಕ್ಯುರಿಟಿಯವರು ರಾತ್ರಿ 9ಕ್ಕೆ, ಬೆಳಿಗ್ಗೆ 7ಕ್ಕೆ ಮೇನ್ ಮೀಟರ್‌ನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಲಿ, ವ್ಯತ್ಯಾಸವನ್ನು ಹತ್ತರಿಂದ ಭಾಗಿಸಿದರೆ ರಾತ್ರಿಯ ಸರಾಸರಿ ಕಿಲೋವ್ಯಾಟ್ ಸಿಗುತ್ತದೆ.